ರೇಡಿಯೋ ಮೇಸ್ತ್ರಿಯ ಬೆಳಗಿನ ಮಾತು

ನಮ್ಮನೆಯವರನ್ನು ಬಣ್ಣದ ಕೆಲಸದವರೆಲ್ಲ ರೇಡಿಯೋ ಮೇಸ್ತ್ರಿ ಎಂದು ಕರೆಯುತ್ತಿದ್ದರು. ಮದುವೆಯಾದ ಹೊಸದರಲ್ಲಿ ಅದನ್ನು ಕೇಳಿ ನನಗೆ ಮೈಯೆಲ್ಲ ಉರಿಯುತ್ತಿತ್ತು. ಆಮೇಲೆ ನೋಡಿದರೆ, ಕರೆದವರದ್ದೇನೂ ತಪ್ಪಿರಲಿಲ್ಲ. ಈ ಮನುಷ್ಯ ಎದ್ದಾಗಿನಿಂದ ಮಲಗುವ ತನಕ ಬಾಯಿ ಮುಚ್ಚಿದ್ದೇ ಇಲ್ಲ. ಹಲ್ಲುಜ್ಜುವಾಗಲೂ ನೊರೆ ಉಗುಳಿ ಉಗುಳಿ ಏನಾದರೂ ಹೇಳಬೇಕು. "ರೀ, ಸ್ವಲ್ಪ ಉಸಿರಾದ್ರೂ ತಗೊಳ್ಳಿ" ಎಂದರೆ, "ಉಸಿರಿಗೆ ಮೂಗಿದೆ, ಮಾತಿಗೆ ಬಾಯಿದೆ, ನಿನಗ್ಯಾಕೆ ಚಿಂತೆ?" ಎನ್ನುತ್ತಿದ್ದರು.

ಆದರೆ ಆ ಮಾತು ಅವರ ಕಸುಬಿಗೆ ಬೇಕಾಗಿತ್ತು. ಎತ್ತರದ ಗೋಡೆಗೆ ಬಣ್ಣ ಹೊಡೆಯುವಾಗ ಒಬ್ಬ ಏಣಿ ಹತ್ತುತ್ತಾನೆ, ಇನ್ನೊಬ್ಬ ಕೆಳಗೆ ನಿಂತು ಏಣಿ ಹಿಡಿಯುತ್ತಾನೆ. ಮೇಲಿದ್ದವನು ಪದೇ ಪದೇ ಬಗ್ಗಿ ಕೆಳಗೆ ನೋಡುವ ಹಾಗಿಲ್ಲ, ತಲೆ ಸುತ್ತುತ್ತದೆ. ಅದಕ್ಕೇ ಕೆಳಗಿನವನು ಮಾತಾಡುತ್ತಲೇ ಇರಬೇಕು. ಏನು ಬೇಕಾದರೂ ಆಡಬಹುದು, ಹೆಂಡತಿಯನ್ನು ಬೈಯಬಹುದು, ಪಕ್ಕದ ಮನೆಯವರ ಸುದ್ದಿ ಹೇಳಬಹುದು. ಮಾತು ಕೇಳಿಸುತ್ತಿದೆ ಎಂದರೆ ಏಣಿಯ ಮೇಲೆ ಕೈ ಇದೆ ಎಂದರ್ಥ. ಮಾತು ನಿಂತಿತೋ, ಮೇಲಿನವನು ಬ್ರಷ್ ಬಿಟ್ಟು ಎರಡೂ ಕೈಯಲ್ಲಿ ಏಣಿ ತಬ್ಬಿಕೊಳ್ಳುತ್ತಾನೆ. ಇದು ಇವರಿಬ್ಬರು ಜೊತೆಗೆ ಕೆಲಸ ಶುರುಮಾಡಿದಾಗಿನಿಂದ ಬಂದ ಪದ್ಧತಿ.

ಇಬ್ಬರು ಎಂದೆನಲ್ಲ, ಮೇಲೆ ಹತ್ತುತ್ತಿದ್ದವನು ನನ್ನ ತಮ್ಮ. ಮೈಯಲ್ಲಿ ಮಾಂಸವೇ ಇಲ್ಲದ ಆಸಾಮಿ, ಎಲ್ಲರ ಬಾಯಲ್ಲೂ ಗುಬ್ಬಿ. ಅಪ್ಪ ಅಮ್ಮ ಹೋದಾಗ ಅವನಿಗೆ ಆರು ವರ್ಷ, ನನಗೆ ಹದಿನೇಳು. ಸ್ನಾನ ಮಾಡಿಸಿ, ಉಗುರು ಕತ್ತರಿಸಿ, ಬೈದು, ಮುದ್ದಾಡಿ ನಾನೇ ಬೆಳೆಸಿದೆ. ಮದುವೆಯ ಮಾತುಕತೆಗೆ ಇವರು ಬಂದಾಗ ಮುಖಕ್ಕೆ ಹೊಡೆದ ಹಾಗೆ ಹೇಳಿದ್ದೆ: "ನಾನು ಬಂದ್ರೆ ಇವನೂ ಬರ್ತಾನೆ. ಆಗೋದಾದ್ರೆ ಕೂತ್ಕೊಳ್ಳಿ, ಆಗಲ್ಲಾಂದ್ರೆ ಈಗಲೇ ಎದ್ದು ಹೊರಡಿ." ಇವರು ನಕ್ಕು, "ಬರ್ಲಿ ಬಿಡಿ, ನನ್ನ ಮಾತು ಕೇಳೋಕೆ ಇನ್ನೊಂದು ಜೊತೆ ಕಿವಿ ಸಿಕ್ಕಿತು" ಎಂದಿದ್ದರು. ಆ ಒಂದು ಮಾತಿಗೇ ನಾನು ಒಪ್ಪಿದ್ದು.

ಇಪ್ಪತ್ತಾರನೆಯ ವಯಸ್ಸಿನಲ್ಲಿ ಗುಬ್ಬಿ ಒಂದು ಗೋದಾಮಿನ ಗೋಡೆಗೆ ಬಣ್ಣ ಹೊಡೆಯುವಾಗ ಏಣಿಯಿಂದ ಬಿದ್ದ. ಬೆಳಿಗ್ಗೆ ಹನ್ನೊಂದು ಗಂಟೆ. ನಾನು ಬಟ್ಟೆ ಕಾರ್ಖಾನೆಯಲ್ಲಿ ಅಂಗಿಗಳಿಗೆ ಗುಂಡಿ ತೂರುವ ಕಾಜ ಹಾಕುತ್ತಾ ಕೂತಿದ್ದೆ. ಸೂಪರ್‌ವೈಸರ್ ಬಂದು ನನ್ನ ಯಂತ್ರದ ಸ್ವಿಚ್ಚನ್ನು ತಾನೇ ಆರಿಸಿದಳು. ಯಾವತ್ತೂ ಯಂತ್ರ ನಿಲ್ಲಿಸಬೇಡಿ ಎಂದು ಕೂಗುವವಳು ಆರಿಸಿದಳಲ್ಲ, ಅಷ್ಟಕ್ಕೇ ನಾನು ಎದ್ದು ನಿಂತೆ. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಇವರು ಗೋಡೆಗೊರಗಿ ನೆಲದ ಮೇಲೆ ಕೂತಿದ್ದರು, ಅಂಗೈ ತುಂಬ ನೀಲಿ ಬಣ್ಣ. "ಏಣಿ ಕಾಲು ಜಾರ್ತು ಕಣೇ. ಹಿಡಿದೇ ಇದ್ದೆ, ತಡೆಯೋಕಾಗ್ಲಿಲ್ಲ" ಎಂದರು. ಅದೇ ಕೊನೆ. ಆಮೇಲೆ ರೇಡಿಯೋ ಆರಿಹೋಯಿತು.

ನಾಲ್ಕು ತಿಂಗಳು ಅವರು ಹಾಸಿಗೆ ಬಿಟ್ಟು ಏಳಲಿಲ್ಲ. ತಟ್ಟೆ ಇಟ್ಟರೆ ಎರಡು ತುತ್ತು, ಕರೆದರೆ "ಹೂಂ". ಬ್ರಷ್ಷುಗಳು ಡಬ್ಬದಲ್ಲೇ ಒಣಗಿ ಕಟ್ಟಿಗೆಯಾದವು. ನನಗೂ ದುಃಖವಿರಲಿಲ್ಲವೇ? ನನ್ನ ಹೊಟ್ಟೆಯಲ್ಲಿ ಹುಟ್ಟದೆ ಮಗನಾಗಿದ್ದವನು ಅವನು. ಆದರೆ ಇಬ್ಬರೂ ಮಲಗಿದರೆ ಒಲೆ ಹಚ್ಚುವವರು ಯಾರು? ನನ್ನ ಅಳುವನ್ನು ಆಮೇಲಕ್ಕೆಂದು ಎತ್ತಿಟ್ಟು, ಇವರನ್ನು ಎಬ್ಬಿಸುವ ಹಟಕ್ಕೆ ಬಿದ್ದೆ. ತಮ್ಮನಂತೂ ಹೋದ, ಇವರನ್ನೂ ಕಳೆದುಕೊಳ್ಳುವಷ್ಟು ಗಟ್ಟಿ ಎದೆ ನನಗಿರಲಿಲ್ಲ.

ಕೈ ಹಿಡಿದು ದರದರ ಎಳೆದುಕೊಂಡೇ ಆರೋಗ್ಯ ಕೇಂದ್ರಕ್ಕೆ ಹೋದೆ. ಅಲ್ಲೊಬ್ಬರು ಸಿಸ್ಟರ್, ಇಂಥವರ ಜೊತೆ ಕೂತು ಮಾತಾಡುವುದೇ ಅವರ ಕೆಲಸ. ಅವರು ನನಗೆ ಹೇಳಿದರು: "ನಿದ್ದೆ, ಊಟ, ಒಂದಿಷ್ಟು ಓಡಾಟ, ಮೂರೂ ಹದಕ್ಕೆ ಬರಬೇಕು. ಒಂದೇ ಸಲ ಕೆಲಸಕ್ಕೆ ದಬ್ಬಬೇಡಿ. ಇವತ್ತು ಬಾಗಿಲ ತನಕ, ನಾಳೆ ಗೇಟಿನ ತನಕ. ಬೆಳಿಗ್ಗೆ ಕನ್ನಡಿ ಮುಂದೆ ನಿಂತು ತನಗೆ ತಾನೇ ಒಂದು ಒಳ್ಳೆ ಮಾತು ಹೇಳ್ಕೊಳ್ಳಲಿ." ನಾನು ಮನಸ್ಸಿನಲ್ಲೇ, ಅಯ್ಯೋ ಇದಕ್ಕೆ ಇಷ್ಟು ದೂರ ಬರಬೇಕಿತ್ತೇ ಎಂದುಕೊಂಡೆ. ಆದರೂ ಬೇರೆ ದಾರಿಯಿರಲಿಲ್ಲ.

ಒಳ್ಳೆಯ ಮಾತು ಯಾವುದು ಎಂದು ಇವರನ್ನು ನಾನು ಕೇಳಲೇ ಇಲ್ಲ. ನನಗೆ ತಿಳಿಯದ್ದೇನಿದೆ ಎಂಬ ಜಂಬ ನೋಡಿ. ಕಾಗದದ ಮೇಲೆ ದಪ್ಪ ಅಕ್ಷರದಲ್ಲಿ ನಾನೇ ಬರೆದು ಬಚ್ಚಲುಮನೆಯ ಕನ್ನಡಿಗೆ ಅಂಟಿಸಿದೆ: "ನಾನು ಹಿಡಿದೇ ಇದ್ದೆ. ನನ್ನ ತಪ್ಪಿಲ್ಲ." ದಿನಾ ಬೆಳಿಗ್ಗೆ ಹತ್ತು ಸಲ. ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬಾಗಿಲಲ್ಲಿ ಮೇಷ್ಟ್ರ ಹಾಗೆ ನಿಲ್ಲುತ್ತಿದ್ದೆ. "ಜೋರಾಗಿ ಹೇಳ್ರೀ, ಕನ್ನಡಿಗೇ ಕೇಳಿಸ್ತಿಲ್ಲ!" ಇವರು ಹೇಳುತ್ತಿದ್ದರು. ಒಂದು ದಿನವೂ ತಪ್ಪಿಸಲಿಲ್ಲ.

ವಾರ ಕಳೆದ ಹಾಗೆ ಮನುಷ್ಯ ಇನ್ನಷ್ಟು ಇಳಿದುಹೋದರು. ಎರಡು ತುತ್ತು ಒಂದಾಯಿತು. ನಾನು ಹತ್ತನ್ನು ಇಪ್ಪತ್ತು ಮಾಡಿದೆ. ಈಗ ನೆನೆದರೆ ನನ್ನ ಕೈ ನಾನೇ ಕಡಿದುಕೊಳ್ಳಬೇಕು ಅನಿಸುತ್ತದೆ.

ಒಂದು ಭಾನುವಾರ ಬೆಳಿಗ್ಗೆ ಏಳನೆಯ ಸಲಕ್ಕೆ ನಿಂತುಬಿಟ್ಟರು. "ಯಾಕೆ, ಮುಂದೆ?" ಎಂದೆ.

"ಹಿಡಿದಿರಲಿಲ್ಲ ಕಣೇ."

"ಏನು?"

"ಡಬ್ಬದಲ್ಲಿ ಬಣ್ಣ ಕೆನೆಗಟ್ಟಿತ್ತು. ಬಿಸಿಲು. ಬಗ್ಗಿ ಕೋಲಲ್ಲಿ ನಾಲ್ಕು ಸುತ್ತು ತಿರುಗಿಸಿದೆ. ಎಷ್ಟೋ ಸಲ ಹಂಗೆ ಮಾಡಿದ್ದೆ, ಏನೂ ಆಗಿರಲಿಲ್ಲ."

ಒಂದೇ ಒಂದು ಪ್ರಶ್ನೆ ಉಳಿದಿತ್ತು. "ಆಗ ಮಾತು ನಿಲ್ಲಿಸಿದ್ರಿ ತಾನೇ?"

ಇವರು ಕನ್ನಡಿಯಲ್ಲೇ ನನ್ನನ್ನು ನೋಡಿದರು. "ಇಲ್ಲ. ಮಾತಾಡ್ತಾನೇ ಇದ್ದೆ."

ಮಾತು ಕೇಳಿಸುತ್ತಿತ್ತು, ಅದಕ್ಕೇ ನನ್ನ ತಮ್ಮ ಏಣಿ ಇಳಿದು ಜರುಗಿಸುವ ಗೋಜಿಗೆ ಹೋಗದೆ ಮೂಲೆಯ ತನಕ ಕೈಚಾಚಿ ವಾಲಿದ್ದ. ಬೀಳುವಾಗಲೂ "ಭಾವ, ಬಿಗಿ ಹಿಡ್ಕೋ" ಎಂದು ಕೂಗಿದನಂತೆ. ಕೊನೆಯ ಕ್ಷಣದ ತನಕ ಅವನಿಗೆ ಅನುಮಾನವೇ ಬಂದಿರಲಿಲ್ಲ.

ಕಾಗದ ಕಿತ್ತು ಚೂರು ಚೂರು ಮಾಡಿದೆ. ಬಾಯಿಗೆ ಬಂದದ್ದನ್ನೆಲ್ಲ ಅಂದೆ, ಬರೆಯಲು ನಾಚಿಕೆಯಾಗುವಂಥ ಮಾತುಗಳು. ಆಮೇಲೆ ಮಾತೇ ನಿಲ್ಲಿಸಿದೆ. ಒಂದೇ ಸೂರಿನಡಿ ಇಬ್ಬರು ಮೂಕರು. ಅಡುಗೆ ಮಾಡಿ ಮುಚ್ಚಿಟ್ಟು ಕಾರ್ಖಾನೆಗೆ ಹೋಗುತ್ತಿದ್ದೆ. ತಿಂದರೆ ತಿನ್ನಲಿ, ಬಿಟ್ಟರೆ ಬಿಡಲಿ ಎಂದು.

ತಿಂದರು! ಅದನ್ನೇ ನನಗೆ ತಡೆಯಲಾಗಲಿಲ್ಲ. ನಿಜ ಹೇಳಿದ ಮಾರನೆಯ ದಿನದಿಂದ ಪಾತ್ರೆಯಲ್ಲಿ ಅನ್ನ ಕಡಿಮೆಯಾಗತೊಡಗಿತು. ಬೆಳಿಗ್ಗೆ ಬಚ್ಚಲುಮನೆಯಿಂದ ದನಿ ಕೇಳಿಸತೊಡಗಿತು, ಯಾರೂ ಕಾವಲು ನಿಲ್ಲದೆಯೇ. "ಕೈ ಬಿಟ್ಟವನು ನಾನೇ. ಆದ್ರೂ ಇವತ್ತು ಮುಖ ತೊಳೀತೀನಿ." ಕೆಲವು ದಿನ ಕಳೆದು, "ಕೈ ಬಿಟ್ಟವನು ನಾನೇ. ಇವತ್ತು ಬೀದಿ ಕೊನೆ ತನಕ ಹೋಗಿ ಬರ್ತೀನಿ." ಇನ್ನೊಂದು ದಿನ, "ಇವತ್ತು ಬ್ರಷ್ ನೆನೆಹಾಕ್ತೀನಿ." ಮೂರು ತಿಂಗಳಿಗೆ ಕೆಲಸಕ್ಕೂ ಹೋದರು, ನೆಲದ ಮೇಲೆ ನಿಂತು ಕೈಗೆಟಕುವ ಗೋಡೆಗಳಿಗೆ ಮಾತ್ರ. ಏಣಿಯ ಹತ್ತಿರ ಸುಳಿಯುತ್ತಿರಲಿಲ್ಲವಂತೆ.

ನನ್ನ ಹೊಟ್ಟೆಯಲ್ಲಿ ಬೆಂಕಿ ಬಿದ್ದಿತ್ತು. ನಿಜವನ್ನು ನನ್ನ ತಲೆಗೆ ಕಟ್ಟಿ ತಾವು ಹಗುರಾಗಿ ಓಡಾಡುತ್ತಿದ್ದಾರೆ ಎಂದು. ಈಗ ಊಟ ಸೇರದವಳು ನಾನು. ಅಂಗಿಯ ಮೇಲೆ ಒಂದರ ಪಕ್ಕ ಒಂದು ಎರಡೆರಡು ಕಾಜ ಹಾಕಿ ಬೈಸಿಕೊಳ್ಳುತ್ತಿದ್ದವಳೂ ನಾನೇ.

ಜಗಳ ಕಾಯಲೆಂದೇ ಸಿಸ್ಟರ್ ಹತ್ತಿರ ಹೋದೆ. "ಚೆನ್ನಾಗಿ ಮದ್ದು ಕೊಟ್ರಿ! ನನ್ನ ಕೈಯಾರೆ ಸುಳ್ಳು ಬರೆಸಿ ಅವರ ಬಾಯಲ್ಲಿ ಹೇಳಿಸಿದ್ರಲ್ಲ!" ಎಂದು ಕೂಗಾಡಿದೆ. ಅವರು ಕುರ್ಚಿ ಎಳೆದು ಕೂರಿಸಿದರು. "ಒಳ್ಳೆ ಮಾತು ಅಂದೆ ಕಣಮ್ಮ, ಸುಳ್ಳು ಮಾತು ಅನ್ನಲಿಲ್ಲ. ತನಗೇ ಗೊತ್ತಿರೋ ಸುಳ್ಳನ್ನ ಹತ್ತು ಸಲ ಹೇಳಿದ್ರೆ ಯಾರಿಗೆ ತಾನೇ ಅನ್ನ ಇಳಿಯುತ್ತೆ? ಅದಿರಲಿ, ನೀವು ನಿಮಗೇನು ಹೇಳ್ಕೋತಿದ್ದೀರ?"

ಹೇಳುವ ಹಾಗಿರಲಿಲ್ಲ. ಪ್ರತಿದಿನ ತಲೆ ಬಾಚುವಾಗ, ಬಸ್ಸಿಗೆ ಕಾಯುವಾಗ ನಾನು ನನಗೆ ಹೇಳಿಕೊಳ್ಳುತ್ತಿದ್ದದ್ದು ಒಂದೇ: "ಅವನ ಬದಲು ಇವರು ಬೀಳಬೇಕಿತ್ತು." ಕಟ್ಟಿಕೊಂಡ ಗಂಡನ ಬಗ್ಗೆ! ಹತ್ತು ಸಲವಲ್ಲ, ನೂರು ಸಲ. ಅದನ್ನು ಯಾರಿಗೆ ಹೇಳುವುದು? ಸುಮ್ಮನೆ ಎದ್ದು ಬಂದೆ. ಅಂದಿನಿಂದ ನನ್ನ ಮಟ್ಟಿಗೆ ನಾನು ಮಾಡಿದ್ದು ಇಷ್ಟೇ: ಅಡುಗೆಯನ್ನು ಮುಚ್ಚಿಡುವ ಬದಲು ಇವರ ತಟ್ಟೆಗೆ ಬಡಿಸಿಟ್ಟು ಹೋಗುತ್ತಿದ್ದೆ. ಅದಕ್ಕಿಂತ ಮುಂದೆ ಒಂದು ಹೆಜ್ಜೆಯೂ ಏಳಲಿಲ್ಲ.

ತಮ್ಮ ಹೋಗಿ ವರ್ಷ ತುಂಬಿದ ಬೆಳಿಗ್ಗೆ. ಇವರು ಬಚ್ಚಲುಮನೆಗೆ ಹೋಗಿ ಬಾಗಿಲು ಹಾಕಿಕೊಂಡರು. ನಾನು ಒಲೆಯ ಮುಂದಿದ್ದೆ. ಎಷ್ಟು ಹೊತ್ತಾದರೂ ದನಿಯಿಲ್ಲ. ನಲ್ಲಿಯ ಸದ್ದೂ ಇಲ್ಲ. ಹಾಲು ಉಕ್ಕಿ ಒಲೆ ಆರಿತು, ನಾನು ಸೌಟು ಹಿಡಿದು ಹಾಗೇ ನಿಂತಿದ್ದೆ. ದಿನಾ ಬೆಳಿಗ್ಗೆ ಆ ದನಿಗೆ ನಾನು ಕಿವಿ ಕೊಟ್ಟು ಕಾಯುತ್ತಿದ್ದೆ ಎಂಬುದು ಆಗ ಗೊತ್ತಾಯಿತು. ನೂರು ಸಲ ಬೇಡಿಕೊಂಡದ್ದು ಇವತ್ತು ನಡೆದೇ ಹೋಯಿತೇನೋ ಎನಿಸಿತು. ಬೇಡ, ನನಗೆ ಬೇಡ, ಅದನ್ನು ನಾನು ಮನಸ್ಸಿಟ್ಟು ಹೇಳಿರಲಿಲ್ಲ!

ಓಡಿಹೋಗಿ ಬಾಗಿಲು ಬಡಿದೆ. "ರೀ! ಏನ್ರೀ! ಇದ್ದೀರಾ?" ಏಳು ತಿಂಗಳ ಮೇಲೆ ನಾನು ಇವರೊಂದಿಗೆ ಆಡಿದ ಮೊದಲ ಮಾತು ಅದು. ಉತ್ತರವಿಲ್ಲ. ಹೆಗಲು ಕೊಟ್ಟು ನೂಕಿದೆ, ಚಿಲಕ ಕಿತ್ತು ಬಂತು.

ಇವರು ಬಕೆಟ್ಟಿನ ಪಕ್ಕ ಒದ್ದೆ ನೆಲದ ಮೇಲೆ ಕೂತಿದ್ದರು. ಮೈಗೆ ಏನೂ ಆಗಿರಲಿಲ್ಲ. ಹಲ್ಲುಜ್ಜುವ ಬ್ರಷ್ ಕೈಯಲ್ಲೇ ಇತ್ತು.

"ಇವತ್ತು ಹೇಳ್ಕೊಳ್ಳೋಕೆ ಏನೂ ಸಿಗ್ಲಿಲ್ಲ ಕಣೇ" ಎಂದರು. "ಎಷ್ಟು ಹುಡುಕಿದ್ರೂ ಸಿಗ್ಲಿಲ್ಲ."

ಸಿಟ್ಟು, ಭಯ, ಸಮಾಧಾನ ಎಲ್ಲ ಒಟ್ಟಿಗೆ ನುಗ್ಗಿ ಬಂತು. "ನನ್ನ ಜೀವ ಬಾಯಿಗೆ ಬಂದಿತ್ತು, ಗೊತ್ತಾ ನಿಮಗೆ? ಸಿಗ್ಲಿಲ್ವಂತೆ! ನಾನು ಹೇಳ್ತೀನಿ ಕೇಳಿ. ನನ್ನ ತಮ್ಮನ್ನ ಬೀಳಿಸಿದ್ದು ನೀವೇ. ಸಾಯೋ ತನಕ ಮರೆಯಲ್ಲ ನಾನು. ನಿಮ್ಮ ಮುಖ ನೋಡಿದಾಗೆಲ್ಲ ಅವನೇ ನೆನಪಾಗ್ತಾನೆ. ಆದ್ರೆ ನೀವು ಇರ್ಬೇಕು. ನನಗೆ ನೀವು ಬೇಕು. ಏಳಿ ಮೇಲೆ!"

ಏಳಲು ಅವರ ಕೈಲಾಗಲಿಲ್ಲ. ನನ್ನ ಕೈಲೂ ಎತ್ತಲಾಗಲಿಲ್ಲ. ಕೊನೆಗೆ ನಾನೇ ಆ ಒದ್ದೆ ನೆಲದ ಮೇಲೆ ಅವರ ಪಕ್ಕ ಕುಸಿದು ಕೂತೆ. ಅವರು ಅಳತೊಡಗಿದರು. ವರ್ಷದಿಂದ ಎತ್ತಿಟ್ಟಿದ್ದ ನನ್ನ ಅಳುವೂ ಕಟ್ಟೆಯೊಡೆದು ಬಂತು. ಅಂದು ಅವರು ಗೋಡೆಯ ಕೆಲಸಕ್ಕೆ ಹೋಗಲಿಲ್ಲ, ನಾನು ಕಾರ್ಖಾನೆಗೆ ಹೋಗಲಿಲ್ಲ. ಗುಬ್ಬಿ ಸತ್ತ ಮೇಲೆ ನಾವಿಬ್ಬರೂ ಒಟ್ಟಿಗೆ ಕೂತು ಅವನಿಗಾಗಿ ಅತ್ತದ್ದು ಅದೇ ಮೊದಲು.