ಹಸು ಕೊಟ್ಟ ಇಪ್ಪತ್ತು ಹಾರ್ಸ್‌ಪವರ್

ಕಳೆದ ವಾರ ಹುಣಸೂರಿನಲ್ಲಿ ಒಂದು ಹಸು ನನ್ನ ಬಾಮೈದ ಮಾದೇಶನ ಪಿಕಪ್‌ಗೆ ಇಪ್ಪತ್ತು ಹಾರ್ಸ್‌ಪವರ್ ದಾನ ಮಾಡಿತು. ನಗಬೇಡಿ, ಕಂಪ್ಯೂಟರಿನಲ್ಲೇ ಬಂದಿದೆ!

ಮಾದೇಶ ಅಂತರಸಂತೆ ಕಡೆಯಿಂದ ಬಾವಲಿ ದಾಟಿ ಕೇರಳಕ್ಕೆ ಶುಂಠಿ ಸಾಗಿಸುತ್ತಾನೆ. ಏರಿನಲ್ಲಿ ಗಾಡಿ ಏದುಸಿರು ಬಿಡುತ್ತದೆಂದು ಸ್ವಾಮಿಯ ಗ್ಯಾರೇಜಿಗೆ ಟ್ಯೂನಿಂಗ್‌ಗೆ ಬಿಟ್ಟ. ಸ್ವಾಮಿಯ ಬಳಿ ಡೈನೋ ಇದೆ. ಚಕ್ರಗಳನ್ನು ರೋಲರ್ ಮೇಲೆ ನಿಲ್ಲಿಸಿ ಓಡಿಸಿದರೆ ಎಂಜಿನ್ನಿನ ಶಕ್ತಿ ಎಷ್ಟೆಂದು ತೋರಿಸುವ ಮಿಷಿನ್. ಸೆಕೆಂಡ್‌ಹ್ಯಾಂಡ್ ಮಾಲು. ಈಗ ಅದಕ್ಕೆ ಹೊಸ ಸೆನ್ಸರ್, ಹೊಸ ಸಾಫ್ಟ್‌ವೇರ್, ಗೋಡೆಯಗಲದ ಟಿ.ವಿ. (ರೋಲರಿನ ಬೇರಿಂಗ್ ಮಾತ್ರ ಹಳೆಯದೇ. ಅದು ಟಿ.ವಿ.ಯಲ್ಲಿ ಕಾಣುವುದಿಲ್ಲವಲ್ಲ!)

ಮೊದಲು ಅರವತ್ತು ತೋರಿಸುತ್ತಿದ್ದ ಗಾಡಿ ಈಗ ಎಂಬತ್ತು ತೋರಿಸಿತು. ಮಾದೇಶ ಟಿ.ವಿ. ಮುಂದೆ ಸೆಲ್ಫಿ ತೆಗೆದು, ಸ್ಟೇಟಸ್ ಹಾಕಿ, ತೋಟಕ್ಕೆ ಫೋನ್ ಮಾಡಿದ: "ನಾಳೀಕೆ ಹತ್ತು ಮೂಟೆ ಜಾಸ್ತಿ ಮಡಗ್ರಲಾ. ಗಾಡಿ ಆನೆ ಆಗೈತೆ!"

ನಾನೂ ಜೊತೆಗಿದ್ದೆ. ಎಂಜಿನ್ ಆನೆಯಾದರೆ ಸಾಕೆ? ಬ್ರೇಕು ಅದೇ, ಬಾಡಿ ಅದೇ, ಓಡಿಸುವವನ ತಲೆಯೂ ಅದೇ.

"ಸ್ವಾಮಿ, ತಕ್ಕಡಿ ರಿಪೇರಿ ಆದ್ರೆ ಗೊತ್ತಿರೋ ತೂಕ ಇಟ್ಟು ನೋಡ್ತಾರೆ. ಹೊಸ ಸೆನ್ಸರಿಗೆ ನೀನು ಯಾವ ತೂಕ ಇಟ್ಟೆ?" ಎಂದೆ.

"ಸೆನ್ಸರ್ ಕೊಟ್ಟೋರು ಕಬ್ಬಿಣದ ತೂಕಕ್ಕೆ ಬೇರೆ ಬಿಲ್ ಅಂದ್ರು ಕಣಣ್ಣ. ಯಾಕ್ ಬುಡು ಅಂತ ಮನೇಲಿದ್ದ ಇಂಡಿ ಮೂಟೆನೇ ಸೆನ್ಸರ್‌ಗೆ ನೇತಾಕ್ದೆ. ಐವತ್ತು ಕೆ.ಜಿ. ಅಂತ ಮೇಲೇ ಬರ್ದವ್ರಲ್ಲ!"

ಹಸುವಿಗೆ ಹಾಕುವ ಹಿಂಡಿ! ಶುಂಠಿ ಕೊಂಡು ಮಾರುವವನು ನಾನು. ಮೂಟೆಯ ಮೇಲಿನ ಬರಹವನ್ನು ಈವರೆಗೆ ನಂಬಿದವನಲ್ಲ. ತೂಗುವ ಮಿಷಿನ್ ಕಾರಿನ ಡಿಕ್ಕಿಯಲ್ಲೇ ಇರುತ್ತದೆ. ತೂಗಿದೆ. ಮೂವತ್ತೆಂಟು.

ಸ್ವಾಮಿ ಹಿಂದಿನ ಮನೆಯತ್ತ ತಿರುಗಿ ಹೆಂಡತಿಯನ್ನು ಕೂಗಿದ: "ಲೇ, ಈ ಮೂಟೆ ಬಿಚ್ಚಿದ್ಯೇನೇ?"

"ಬಿಚ್ದೆ ಅಸೂಗೆ ಏನಾಕ್ಲಿ, ನಿಮ್ ಟಿ.ವಿ.ನಾ?"

ಹಸು ತಿಂದು ಉಳಿಸಿದ್ದನ್ನು ಈ ಮಹಾಶಯ ನೇತುಹಾಕಿದ್ದ. ಮೂವತ್ತೆಂಟನ್ನು ಐವತ್ತೆಂದು ನಂಬಿದ ಮಿಷಿನ್, ಅರವತ್ತನ್ನು ಎಂಬತ್ತು ಎನ್ನದೆ ಇನ್ನೇನು ಮಾಡೀತು?

ಮಾದೇಶನಿಗೆ ಹೇಳಿದೆ, ಆ ಹೆಚ್ಚಿನ ಹತ್ತು ಮೂಟೆ ಬೇಡವೆಂದು. ಅವನಿಗೆ ನನ್ನ ಮೇಲೇ ಸಿಟ್ಟು!

"ಸುಮ್ಕಿರಿ ಭಾವ. ಎಲ್ಲದ್ರಲ್ಲೂ ಚೌಕಾಸಿ ನಿಮ್ದು. ಆರ್ಸ್‌ಪವರ್‌ನೂ ಕಮ್ಮಿ ಮಾಡ್ಸಕ್ಕೆ ಬತ್ತೀರಾ?"

ಪಿರಿಯಾಪಟ್ಟಣ, ಕೆ.ಆರ್. ನಗರದಿಂದೆಲ್ಲ ಸ್ವಾಮಿಯ ಬಳಿ ಗಾಡಿ ತರುವವರಿಗೆ ನನ್ನದೊಂದು ಪುಕ್ಕಟೆ ಸಲಹೆ. ಸಾಫ್ಟ್‌ವೇರ್ ಯಾವ ವರ್ಷನ್ ಎಂದು ಕೇಳಬೇಡಿ. ಏನು ನೇತುಹಾಕಿ ಸರಿ ಮಾಡಿದಿರಿ ಎಂದು ಕೇಳಿ. ಉತ್ತರಕ್ಕೆ ತಡಬಡಾಯಿಸಿದರೆ ಗಾಡಿ ವಾಪಸ್ ತಿರುಗಿಸಿ. (ಕೇಳುವುದಿಲ್ಲ ನೀವು, ಗೊತ್ತು. ದೊಡ್ಡ ನಂಬರ್ ಕೊಡುವವನೇ ನಿಮಗೆ ದೊಡ್ಡ ಮೆಕ್ಯಾನಿಕ್.)

ಮರುದಿನ ಬಾವಲಿಯಾಚೆಯ ಏರಿನಲ್ಲಿ ಪಿಕಪ್ ಕರಿ ಹೊಗೆ ಉಗುಳಿ ನಿಂತಿತು. ಬ್ರೇಕ್ ತಡೆಯಲಿಲ್ಲ. ಹಿಂದಕ್ಕೆ ಜಾರಿ ರಸ್ತೆಬದಿಯ ದಿಬ್ಬಕ್ಕೆ ಒರಗಿತು. ಇನ್ನೊಂದು ಬದಿ ಬರೀ ಹಳ್ಳ.

ಫೋನ್ ಬಂತು, ಮೂಟೆ ಸಾಗಿಸಲು ಬೇರೆ ಗಾಡಿ ಮಾಡಿಕೊಂಡು ಹೋದೆ. ಮಾದೇಶ ಮೂಟೆಯ ಮೇಲೆ ಕೂತಿದ್ದ.

"ಅಕ್ಕಂಗೆ ಯೋಳ್ಬೇಡಿ ಭಾವ," ಎಂದ. ನೀರು ಕುಡಿದು, ಸ್ವಲ್ಪ ಸುಧಾರಿಸಿಕೊಂಡ. "ಮುಂದಿನ ತಿಂಗ್ಳು ಇನ್ನೊಂದು ಅಪ್‌ಡೇಟ್ ಬತ್ತದಂತೆ. ತೊಂಬತ್ತು ಗ್ಯಾರಂಟಿ ಅಂತ ಸ್ವಾಮಿ ಯೋಳವ್ನೆ."

ತೊಂಬತ್ತು ಬಂದ ದಿನ ಇವನು ಎಷ್ಟು ಮೂಟೆ ಹೇರುತ್ತಾನೆ, ಹೇಳಿ?