ದಸ್ತಗೀರ ಮಾಮನ ಹೋಟೆಲ್ ಶಾಲೆ

ದಸ್ತಗೀರ ಮಾಮನ ಎಡಗೈಯಲ್ಲಿ ಮಣಿಕಟ್ಟಿನಿಂದ ಮೊಣಕೈವರೆಗೆ ಒಂದು ಕೂದಲೂ ಇರಲಿಲ್ಲ. ಬಲಗೈ ನೋಡಿದರೆ ಕರಡಿಯ ಕೈ. ಎರಡನ್ನೂ ಜೋಡಿಸಿ ನಿಂತಾಗ ಒಂದು ಅವನದು, ಇನ್ನೊಂದನ್ನು ಯಾರಿಂದಲೋ ಕೇಳಿ ತಂದಿದ್ದಾನೆ ಅನ್ನಿಸುತ್ತಿತ್ತು. ಹೈದರಾಬಾದಿನ ದೊಡ್ಡದೊಂದು ಹೋಟೆಲಿನಲ್ಲಿ ಸಪ್ಲಾಯರ್ ಆಗಿದ್ದವನು ಅವನು. ಭಟ್ಟಿಯ ಪಕ್ಕದಿಂದ ಎತ್ತಿಕೊಂಡ ಬಿಸಿ ತಟ್ಟೆಗಳನ್ನು ಒಂದರ ಹಿಂದೊಂದು ಆ ಕೈಮೇಲೆ ಪೇರಿಸಿಕೊಂಡು ವರ್ಷಗಟ್ಟಲೆ ಓಡಾಡಿ ಕೂದಲೆಲ್ಲ ಸುಟ್ಟು, ಚರ್ಮ ನಯವಾಗಿ ಹೊಳೆಯುತ್ತಿತ್ತು. ಯಾರಾದರೂ ಅದನ್ನೇ ದಿಟ್ಟಿಸಿದರೆ ಮಾಮ ತೋಳು ಮಡಚಿ ಮುಂದೆ ಚಾಚುತ್ತಿದ್ದ. "ನೋಡಪಾ, ಮಂದಿ ಸರ್ಟಿಫಿಕೇಟ್ ಟ್ರಂಕಿನಾಗ ಇಡ್ತಾರ. ನಾ ಕೈ ಮ್ಯಾಲ ಇಟ್ಕೊಂಡೀನಿ" ಎನ್ನುತ್ತಿದ್ದ.

ನಮ್ಮದು ಮಾನ್ವಿ ಕಡೆಯ ಹಳ್ಳಿ. ಅಪ್ಪ ರಾಯಚೂರಿನ ಗಂಜ್‌ಗೆ, ಅಂದರೆ ಕಾಳಿನ ಮಾರುಕಟ್ಟೆಗೆ, ಹಮಾಲಿ ಕೆಲಸಕ್ಕೆ ಬಂದವನು, ಊರಂಚಿನ ನಮ್ಮವರ ಕೇರಿಯಲ್ಲಿ ಗುಡಿಸಲು ಹಾಕಿಕೊಂಡ. ಕೇರಿ ಮುಗಿದು ಸಾಬರ ಓಣಿ ಶುರುವಾಗುವ ಮೊದಲ ಮನೆಯೇ ಮಾಮನದು. ಅವನು ರಜೆಯ ಮೇಲೆ ಬರುತ್ತಿದ್ದುದು ಮೊಹರಂಗೆ ಒಮ್ಮೆ, ಬೇಸಿಗೆಯಲ್ಲಿ ಒಮ್ಮೆ. ಬಂದ ಸುದ್ದಿ ಅದು ಹೇಗೋ ಹರಡಿಬಿಡುತ್ತಿತ್ತು. ದೇವದುರ್ಗ, ಮಾನ್ವಿ, ಯರಗೇರಾ ಕಡೆಯಿಂದ ಬೆಳೆದ ಮಕ್ಕಳನ್ನು ಹಿಂದಿಟ್ಟುಕೊಂಡು ಅಪ್ಪಂದಿರು ಬಂದು ಅಂಗಳದಲ್ಲಿ ನಿಲ್ಲುತ್ತಿದ್ದರು. "ಇವನ್ನೂ ಒಂದು ಕಡೆ ಹಚ್ಚರಿ ಸಾಹೇಬ್ರ, ಪುಣ್ಯ ಬರ್ತದ" ಎಂದು ಬೇಡಿಕೊಳ್ಳುತ್ತಿದ್ದರು. ಎಪ್ಪತ್ತರ ದಶಕದಲ್ಲಿ ನಮ್ಮ ಕಡೆಯವರಿಗೆ ಹೈದರಾಬಾದಿನ ಹೋಟೆಲ್ ಕೆಲಸವೆಂದರೆ ಸಣ್ಣ ಮಾತಾಗಿರಲಿಲ್ಲ. ಹೊಟ್ಟೆ ತುಂಬ ಊಟ, ತಲೆಯ ಮೇಲೊಂದು ಸೂರು, ಮೈಮೇಲೆ ಬಿಳಿ ಕೋಟು. ಜೋಳದ ಮೂಟೆ ಹೊತ್ತು ಹೊತ್ತು ಕುತ್ತಿಗೆ ಗಟ್ಟಿಯಾದ ಹಮಾಲನ ಮಗನಿಗೆ ಇದಕ್ಕಿಂತ ದೊಡ್ಡದನ್ನು ಕನಸು ಕಾಣಲೂ ಗೊತ್ತಿರಲಿಲ್ಲ.

ಮಾಮ ಯಾರನ್ನೂ ಹಾಗೇ ಕರೆದೊಯ್ಯುತ್ತಿರಲಿಲ್ಲ. ಮೊದಲು ಅಂಗಳದಲ್ಲಿ ಪಾಠ. ನೆಲಕ್ಕೆ ಹಾಸುವ ಪರಸಿ ಕಲ್ಲಿನ ಚೂರುಗಳನ್ನು ತಟ್ಟೆಯಷ್ಟಗಲ ಒಡೆದು ಇಟ್ಟುಕೊಂಡಿದ್ದ. ಅವನ್ನು ಬೆಳಗ್ಗೆ ಬಿಸಿಲಿಗೆ ಹರವಿಬಿಟ್ಟರೆ ಮಧ್ಯಾಹ್ನದ ಹೊತ್ತಿಗೆ ರಾಯಚೂರಿನ ಸೂರ್ಯ ತನ್ನ ಕೆಲಸ ಮುಗಿಸಿರುತ್ತಿದ್ದ. ಕಾದ ಕಲ್ಲುಗಳನ್ನು ಮಾಮ ನಮ್ಮ ಎಡಗೈ ಮೇಲೆ ಸಾಲಾಗಿ ಇಟ್ಟು, ಬಾವಿಕಟ್ಟೆಯವರೆಗೆ ಹೋಗಿ ಬಾ ಎನ್ನುತ್ತಿದ್ದ. ಓಡಬಾರದು, ಕುಣಿಯಬಾರದು, ಮುಖ ಹಿಂಡಬಾರದು. "ಕೈ ಸುಡ್ತದಂತ ಗಿರಾಕಿಗಿ ಗೊತ್ತಾಗಬಾರದು ಬೇಟಾ. ಅಂವ ಉಣ್ಣಾಕ ಬಂದಾನ, ನಿನ್ನ ಕಷ್ಟ ಕೇಳಾಕ ಬಂದಿಲ್ಲ." ಹೀಗೆ ಹೇಳುತ್ತ ಪಕ್ಕದಲ್ಲೇ ನಡೆದು ಬರುತ್ತಿದ್ದ. ಕಲ್ಲು ಜಾರಿ ಬಿದ್ದರೆ ಬೈಯುತ್ತಿರಲಿಲ್ಲ, ಎತ್ತಿ ಮತ್ತೆ ಇಡುತ್ತಿದ್ದ. ಬೈದಿದ್ದರೇ ಚೆನ್ನಾಗಿತ್ತು.

ಗಿರಾಕಿಯ ಪಾತ್ರ ಅವನ ಹೆಂಡತಿ ಮಾಲನಬಿಯದು. ಬೋರಲು ಹಾಕಿದ ಬುಟ್ಟಿಯ ಮೇಲೆ ಕೂತು ಆಕೆ ಸಿಕ್ಕಿದ್ದಕ್ಕೆಲ್ಲ ತಕರಾರು ತೆಗೆಯುತ್ತಿದ್ದಳು. ಚಹಾ ತಣ್ಣಗದ, ಉಪ್ಪು ಜಾಸ್ತಿ ಆಗ್ಯದ, ನಿನ್ನ ಉಗುರು ನೋಡು ಹೆಂಗವ! ನಡುನಡುವೆ ಗಂಡನ ಕಡೆಗೂ ತಿರುಗಿ, "ಈ ಹೋಟೆಲಿನ ಮಾಲಕ ಸರಿ ಇಲ್ಲ, ವರ್ಷಕ್ಕ ಎರಡೇ ಸಲ ಮುಖ ತೋರಸ್ತಾನ" ಎಂದು ಚುಚ್ಚುತ್ತಿದ್ದಳು. ಮಾಮ ಸೊಂಟ ಬಗ್ಗಿಸಿ, "ತಪ್ಪಾತ್ರೀ ಮೇಮ್‌ಸಾಬ್" ಎನ್ನುತ್ತಿದ್ದ. ನಾವು ನಗು ತಡೆಯಲಾರದೆ ಕಲ್ಲು ಬೀಳಿಸುತ್ತಿದ್ದೆವು. ಆ ಅಂಗಳದಲ್ಲಿ ನಕ್ಕಷ್ಟು ನಾನು ಆಮೇಲೆ ಎಲ್ಲೂ ನಕ್ಕಿಲ್ಲ.

ಪಾಠದ ಕೊನೆಗೆ ಅವನದೊಂದು ಮಾತು ಇದ್ದೇ ಇರುತ್ತಿತ್ತು. ಮಸೀದಿಯಲ್ಲಿ ದುವಾ ಕೇಳುವಷ್ಟು ನಂಬಿಕೆಯಿಂದ ಹೇಳುತ್ತಿದ್ದ: "ಶಹರದಾಗ ಎರಡ ಜಾತಿ ನೋಡ್ರಿ. ಕುಂತು ಉಣ್ಣಾವ್ರದು ಒಂದು, ನಿಂತು ನೀಡಾವ್ರದು ಒಂದು. ಮೂರನೇದ್ದು ಕೇಳಾಕ ಅಲ್ಲಿ ಯಾರಿಗೂ ಪುರುಸೊತ್ತಿಲ್ಲ."

ನಾನು ಎಸ್ಸೆಸ್ಸೆಲ್ಸಿ ಪಾಸಾದ ವರ್ಷ ಅಪ್ಪ ಲಾರಿಯಿಂದ ಮೂಟೆ ಇಳಿಸುವಾಗ ಬಿದ್ದು ಸೊಂಟ ಮುರಿದುಕೊಂಡ. ಕೂತರೆ ಏಳಲಾರ, ಎದ್ದರೆ ಕೂರಲಾರ. ಅವ್ವ ಗಂಜಿನಲ್ಲಿ ಕಸ ಹೊಡೆದು ತರುವ ಜೋಳದಲ್ಲಿ ಐದು ಹೊಟ್ಟೆ ತುಂಬಬೇಕು. ಬೇರೆ ದಾರಿಯಿರಲಿಲ್ಲ. ಆ ಬೇಸಿಗೆ ಮಾಮನ ರಜೆ ಇರುವಷ್ಟು ದಿನವೂ ಕಲ್ಲು ಹೊತ್ತೆ. ರಜೆ ಮುಗಿಯುವ ಹೊತ್ತಿಗೆ ನನ್ನ ಎಡಗೈಯ ಕೂದಲೂ ಅಲ್ಲಲ್ಲಿ ಉದುರಿ, ಬೊಬ್ಬೆ ಒಣಗಿ ಕರೀ ಕಲೆಗಳಾಗಿದ್ದವು. ಮಾಮ ಕೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಪಾಸ್" ಎಂದ. ಹೊರಡುವ ಹಿಂದಿನ ದಿನ ಹೆಸರಿನ ಪಾಠವೂ ಆಯಿತು.

"ಮಾರೆಪ್ಪ ಅನಬ್ಯಾಡ. ಮಾರುತಿ ಅನ್ನು. ಊರು ಕೇಳಿದ್ರ ರಾಯಚೂರು ಅನ್ನು. ಓಣಿ ಕೇಳಿದ್ರ ಸುಮ್ನ ನಗು."

ಮೂರನೆಯ ಜಾತಿ ಕೇಳಲು ಯಾರಿಗೂ ಪುರುಸೊತ್ತಿಲ್ಲದಿದ್ದರೆ ಹೆಸರು ಯಾಕೆ ಬದಲಾಗಬೇಕು ಎನ್ನುವ ಪ್ರಶ್ನೆ ನನಗೂ ಬಂದಿತ್ತು. ಕೆಲಸ ಬೇಕಾದವನು ಪ್ರಶ್ನೆ ಕೇಳುವುದಿಲ್ಲ. ಅವ್ವ ಕಟ್ಟಿಕೊಟ್ಟ ರೊಟ್ಟಿ ಗಂಟು ಹಿಡಿದು ಮಾಮನ ಹಿಂದೆ ರೈಲು ಹತ್ತಿದೆ.

ಹೋಟೆಲಿನ ಮ್ಯಾನೇಜರು ಹೈದರಾಬಾದಿನವನೇ, ಪಾನ್ ಜಗಿಯುವ ತೆಳ್ಳನೆಯ ಮನುಷ್ಯ. ನನ್ನ ಹಲ್ಲು ನೋಡಿದ, ಉಗುರು ನೋಡಿದ, ತೋಳಿನ ಮೇಲೆ ನಿಜವಾದ ತಟ್ಟೆಗಳನ್ನು ಇಡಿಸಿ ಊಟದ ಹಾಲ್‌ನ ಈ ತುದಿಯಿಂದ ಆ ತುದಿಗೆ ನಡೆಸಿದ. ಕಾದ ಪರಸಿ ಹೊತ್ತವನಿಗೆ ಪಿಂಗಾಣಿ ಯಾವ ಲೆಕ್ಕ. "ಅಚ್ಛಾ ಹೈ" ಎಂದು ಒಂದು ಕೋಟು ಕೊಡಿಸಿದ. ಮಾಮ ಅದರ ಗುಂಡಿ ತಾನೇ ಹಾಕಿ, ಕಾಲರ್ ಸರಿಮಾಡಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿದ. ಅವನ ಕಣ್ಣು ತುಂಬಿದ್ದವು. ನನ್ನವೂ ತುಂಬಿದವು. ಅಪ್ಪ ಈ ಕೋಟು ನೋಡಬೇಕಿತ್ತು ಅನ್ನಿಸಿತು.

ಮಧ್ಯಾಹ್ನ ಅಡುಗೆಮನೆಗೆ ಕಳಿಸಿದರು. ಅಲ್ಲಿದ್ದವರಲ್ಲಿ ಬಹಳ ಮಂದಿ ನಮ್ಮ ಕಡೆಯವರೇ, ಮಾಮನ ಅಂಗಳದಲ್ಲಿ ಕಲಿತು ಬಂದವರೇ. ಭಟ್ಟಿ ನೋಡಿಕೊಳ್ಳುತ್ತಿದ್ದ ಸಂಗಪ್ಪ ದೇವದುರ್ಗ ತಾಲ್ಲೂಕಿನವನು. ಕನ್ನಡ ಕೇಳಿ ನನಗೆ ಜೀವ ಬಂದಂತಾಯಿತು. ಅವನೂ ಪ್ರೀತಿಯಿಂದಲೇ ಮಾತಾಡಿಸಿದ. ಹೆಸರು ಕೇಳಿದ, ಮಾರುತಿ ಎಂದೆ. ಊರು ಕೇಳಿದ, ರಾಯಚೂರು ಎಂದೆ. ಓಣಿ ಕೇಳಿದ, ನಕ್ಕೆ. ಅವನೂ ನಕ್ಕ. "ಭಾಳ ಸೆಕಿ ಅದ ತಮ್ಮಾ, ನೀರು ಕುಡೀತೀ ಏನು?" ಎಂದು ನೀರಿನ ಜಗ್ಗು ಎತ್ತಿಕೊಂಡ.

ಪಕ್ಕದ ಹಲಗೆಯ ಮೇಲೆ ಗ್ಲಾಸುಗಳು ಸಾಲಾಗಿದ್ದವು. ನಾನು ಗ್ಲಾಸಿಗೆ ಕೈ ಹಾಕಲಿಲ್ಲ. ಸೊಂಟ ಬಗ್ಗಿಸಿ, ಎರಡೂ ಕೈ ಕೂಡಿಸಿ, ಬೊಗಸೆಯನ್ನು ಬಾಯಿಗೆ ಹಚ್ಚಿ ನಿಂತುಬಿಟ್ಟೆ.

ಹುಟ್ಟಿದಾಗಿನಿಂದ ನೀರು ಕುಡಿದದ್ದೇ ಹಾಗೆ. ಮಾನ್ವಿಯ ಚಹಾದಂಗಡಿಗಳಲ್ಲಿ ನಮ್ಮ ಗ್ಲಾಸು ಹೊರಗೋಡೆಯ ಗೂಡಿನಲ್ಲಿ ಇರುತ್ತಿತ್ತು, ನಾವೇ ತೊಳೆದು ಹಿಡಿಯಬೇಕು, ಮೇಲಿನಿಂದ ಹೊಯ್ಯುತ್ತಾರೆ. ನೀರಿಗಾದರೆ ಗ್ಲಾಸೂ ಇಲ್ಲ, ಬೊಗಸೆಯೇ. ಯಾರಾದರೂ ನಮ್ಮ ಎದುರು ನೀರಿನ ಪಾತ್ರೆ ಎತ್ತಿದರೆ ಕೈ ತಾನಾಗಿ ಕೂಡುತ್ತಿತ್ತು. ಅದಕ್ಕೆ ಮನಸ್ಸಿನ ಅಪ್ಪಣೆ ಬೇಕಿರಲಿಲ್ಲ. ಮತ್ತೆ ಸಂಗಪ್ಪನ ಕೈ? ಅದೂ ತಾನಾಗಿಯೇ ಮೇಲೆದ್ದಿತು. ಒಂದು ಮೊಳ ಎತ್ತರದಿಂದ, ಜಗ್ಗು ನನಗೆ ತಾಗದ ಹಾಗೆ, ನೀರು ಹೊಯ್ದ. ನಾನು ಕುಡಿದು ಮುಗಿಸಿ ತಲೆ ಎತ್ತಿದಾಗಲೇ ಇಬ್ಬರಿಗೂ ಏನಾಯಿತೆಂದು ತಿಳಿದದ್ದು. ಅವನ ಮುಖದಲ್ಲಿ ನಗು ಇರಲಿಲ್ಲ. ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವ ಸದ್ದು ನಿಂತಿತ್ತು.

ಆಮೇಲೆ ಆದದ್ದು ಬೇಗ ಆಯಿತು. ಇವನು ಮುಟ್ಟಿದ ಭಗೋಣಿ ನಾವು ಮುಟ್ಟುವುದಿಲ್ಲ ಎಂದು ಅಡುಗೆಯವರೆಲ್ಲ ಸೌಟು ಕೆಳಗಿಟ್ಟರು. ಮಾಮ ಓಡಿ ಬಂದ.

"ಸಂಗ್ಯಾ, ನೀ ನನ್ನ ಅಂಗಳಕ್ಕ ಬಂದಾಗ ನಿನ್ನ ಹೊಟ್ಟಿ ಯಾವ ಜಾತಿದಿತ್ತಲೇ?"

"ನಿಮ್ಮ ಋಣ ಅದ ಮಾಮಾ, ಇಲ್ಲ ಅನ್ನಂಗಿಲ್ಲ" ಎಂದ ಸಂಗಪ್ಪ, ತಲೆ ತಗ್ಗಿಸಿ. "ಖರೆ, ಇಲ್ಲಿ ನಮ್ಮೂರ ಮಂದಿ ಎಷ್ಟದಾರ ನೋಡ್ರಿ. ನಾಳಿ ಊರಾಗ ಸುದ್ದಿ ಆದ್ರ ನನ್ನ ತಂಗೀನ್ನ ಯಾರು ಮಾಡ್ಕೋತಾರ?"

ನನಗೆ ಆಗ ಅವನ ಮೇಲೆ ಬಂದ ಸಿಟ್ಟು ಇವತ್ತಿಗೂ ಆರಿಲ್ಲ. ಆದರೆ ಒಂದು ತಿಳಿಯಿತು. ಪಟ್ಟಣದಲ್ಲಿ ಕೆಲಸ ಸಿಗುವುದು ಊರಿನವರ ಕೈಯಿಂದ. ಒಬ್ಬ ಇನ್ನೊಬ್ಬನನ್ನು ಕರೆಸಿಕೊಂಡು, ಅವನು ಮತ್ತೊಬ್ಬನನ್ನು ಕರೆಸಿಕೊಂಡು, ಕೊನೆಗೆ ಇಡೀ ಊರೇ ಅಡುಗೆಮನೆಯಲ್ಲಿ ಬಂದು ಕೂತಿರುತ್ತದೆ. ಮಾಮ ಒಳ್ಳೆಯ ಮನಸ್ಸಿನಿಂದ ಒಬ್ಬೊಬ್ಬರನ್ನೇ ತಂದು ಸೇರಿಸಿದ್ದ ಊರು ಅದು.

ಮ್ಯಾನೇಜರಿಗೆ ನನ್ನ ಜಾತಿಯ ಗೊಡವೆ ಇರಲಿಲ್ಲ, ಅದು ನಿಜ. ಅವನಿಗೆ ಮಧ್ಯಾಹ್ನದ ಊಟದ ಹೊತ್ತು ಮೀರುತ್ತಿತ್ತು. ಮಾಮ ಅವನ ಮೇಜಿನ ಮುಂದೆ ಕೈಕಟ್ಟಿ ನಿಂತು ಏನೇನೋ ಬೇಡಿಕೊಂಡ. ಹೊರಗೆ ಬಂದವನು ನನ್ನ ಮುಖ ನೋಡದೆ, ಗೋಡೆ ನೋಡುತ್ತ ಹೇಳಿದ: "ಬಾತ್‌ರೂಮಿನ ಹಂತೇಲಿ ಒಂದು ಜಾಗ ಖಾಲಿ ಅದಂತ ಬೇಟಾ. ತೊಳದು, ಟವೆಲ್ ಕೊಟ್ಟು ನಿಂದ್ರಾದು. ಅಲ್ಲೂ ಕೋಟು ಕೊಡ್ತಾರ. ಮಾಡ್ತೀ ಏನು?"

ಅವನು ಕೇಳಬಾರದಿತ್ತು ಎಂದು ಬಹಳ ವರ್ಷ ಅಂದುಕೊಂಡೆ. ಆದರೆ ನಮ್ಮ ಮನೆಯ ಒಲೆ ಅವನಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು. "ಮಾಡ್ತೀನಿ" ಎಂದೆ.

ಆ ಮಳೆಗಾಲವೆಲ್ಲ, ಚಳಿಗಾಲವೆಲ್ಲ ಕಕ್ಕಸಿನ ಬಾಗಿಲಲ್ಲಿ ಟವೆಲ್ ಹಿಡಿದು ನಿಂತೆ. ನನ್ನ ಊಟ ಹಿತ್ತಲ ಬಾಗಿಲಿಗೆ ಬರುತ್ತಿತ್ತು. ಎದುರಿನ ಹಾಲ್‌ನಲ್ಲಿ ಮಾಮ ತಟ್ಟೆ ಪೇರಿಸಿಕೊಂಡು ಓಡಾಡುವುದು ಕಾಣುತ್ತಿತ್ತು. ಮೊದಮೊದಲು ನನ್ನ ಕಡೆ ನೋಡಿ ತಲೆ ಆಡಿಸುತ್ತಿದ್ದ. ಆಮೇಲೆ ನನ್ನ ಬಾಗಿಲು ತಪ್ಪಿಸಲು ಮೇಜುಗಳ ನಡುವೆ ಸುತ್ತು ಹಾಕಿ ಹೋಗತೊಡಗಿದ. ಸುತ್ತು ಹಾಕುವ ಸಪ್ಲಾಯರನ್ನು ಯಾವ ಹೋಟೆಲೂ ಬಹಳ ದಿನ ಸಹಿಸುವುದಿಲ್ಲ. ಮ್ಯಾನೇಜರು ಎಲ್ಲರೆದುರು ಬೈದ ದಿನವೂ ಅವನು ಸುತ್ತು ಹಾಕಿಯೇ ಹೋದ.

ರಾಯಚೂರಿನ ಸರ್ಕಾರಿ ಹಾಸ್ಟೆಲಿನಲ್ಲಿ ಅಡುಗೆ ಸಹಾಯಕನ ಕೆಲಸ ಸಿಕ್ಕು ನಾನು ಹೈದರಾಬಾದು ಬಿಟ್ಟೆ. ಅದಾದ ಎರಡು ಬೇಸಿಗೆಗೆ ಮಾಮನೂ ಪೂರ್ತಿ ಊರಿಗೆ ಬಂದ. ಮಂಡಿ ನೋವು ಎಂದು ಮಾಲನಬಿ ಹೇಳಿದಳು. ಹುಡುಗರು ಮಾತ್ರ ಮೊದಲಿನಂತೆಯೇ ಬಂದು ಅಂಗಳದಲ್ಲಿ ನಿಲ್ಲುತ್ತಿದ್ದರು. ಮಾಮ ಯಾರಿಗೂ ಕಲ್ಲು ಕೊಡಲಿಲ್ಲ. "ನನ್ನ ಕೈಲೆ ಆಗಂಗಿಲ್ಲ ತಮ್ಮಾ, ಸಾಲಿಗಿ ಹೋಗ್ರಿ" ಎಂದಷ್ಟೇ ಹೇಳಿ ಒಳಗೆ ಹೋಗುತ್ತಿದ್ದ. ಅವರಲ್ಲಿ ಕೆಲವರು ಬೇರೆಯವರನ್ನು ಹಿಡಿದು ಬೊಂಬಾಯಿಗೆ ಹೋದರು, ಕೆಲವರು ಗಂಜಿನಲ್ಲೇ ಮೂಟೆ ಹೊತ್ತರು.

ಎಂಬತ್ತರ ದಶಕದ ನಡುವಿಗೆ ನನಗೆ ದೇವದುರ್ಗಕ್ಕೆ ವರ್ಗವಾಯಿತು. ಹೇಳಿ ಹೋಗೋಣವೆಂದು ಮಾಮನ ಮನೆಗೆ ಹೋದೆ. ಹಾಸಿಗೆ ಹಿಡಿದಿದ್ದ. ಮಾಲನಬಿ ಪೇಟೆಗೆ ಹೋಗಿದ್ದಳು, ಮನೆಯಲ್ಲಿ ಅವನೊಬ್ಬನೇ. ಬಾಗಿಲಲ್ಲಿ ನಿಂತಿದ್ದ ನನ್ನನ್ನು ಒಳಗೆ ಕರೆದ. ಹೊಸ್ತಿಲು ದಾಟುವಾಗ, ಆ ಮನೆಯೊಳಗೆ ನಾನು ಕಾಲಿಡುತ್ತಿರುವುದು ಇದೇ ಮೊದಲು ಎಂದು ಹೊಳೆಯಿತು. ಮಾಮನಿಗೂ ಅದೇ ಹೊಳೆದಿರಬೇಕು. ನನ್ನನ್ನು ಹಾಸಿಗೆಯ ಅಂಚಿನಲ್ಲಿ ಕೂರಿಸಿಕೊಂಡು ಹೇಳಿದ:

"ಎಲ್ಲಾ ಕಲಿಸಿದೆ ನಿನಗ. ನಡಿಯಾದು, ನಿಂದ್ರಾದು, ನೀಡಾದು. ಒಂದು ಕಲಿಸಲಿಲ್ಲ ನೋಡು. ಪಾಠ ಮುಗಿದಮ್ಯಾಲ ದಿನಾ ನೀರು ಕೇಳ್ತಿದ್ದಿ. ನಿಮ್ಮ ಮಾಮಿ ತಂಬಿಗಿ ತಂದು ಮ್ಯಾಲಿಂದ ಹೊಯ್ತಿದ್ಲು. ನಾ ಹಂತೇಲೇ ನಿಂತು ನೋಡ್ತಿದ್ದೆ. ಸಂಗ್ಯಾನ್ನ ಯಾಕ ಬೈಲಿ? ನನ್ನ ಅಂಗಳದಾಗ ನಿನ್ನ ಕೈಗಿ ಒಂದಿನಾನೂ ಗ್ಲಾಸು ಕೊಡಲಿಲ್ಲ. ಹೌದಲ್ಲ ಬೇಟಾ?"

ಇಲ್ಲ ಮಾಮಾ, ಹಾಗೆಲ್ಲ ಯಾಕೆ ಅಂದುಕೊಳ್ಳುತ್ತೀರಿ, ನೀವಿಲ್ಲದಿದ್ದರೆ ನಮ್ಮ ಮನೆಯ ಒಲೆ ಉರಿಯುತ್ತಿರಲಿಲ್ಲ ಎನ್ನಬಹುದಿತ್ತು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಅವನು ಕೇಳಿದ್ದು ಅದನ್ನಲ್ಲ. ಇಷ್ಟು ವರ್ಷಗಳಲ್ಲಿ ಮೊದಲ ಸಲ ಒಬ್ಬ ಮನುಷ್ಯ ಈ ಪ್ರಶ್ನೆಯನ್ನು ನನಗೆ ನೇರವಾಗಿ ಕೇಳಿದ್ದ.

"ಹೌದು ಮಾಮಾ" ಎಂದೆ.

ಅವನು ಕಣ್ಣು ಮುಚ್ಚಿ ತಲೆ ಆಡಿಸಿದ. ಸ್ವಲ್ಪ ಹೊತ್ತು ಅವನ ಕಾಲು ಒತ್ತುತ್ತ ಕೂತಿದ್ದು, ಬಸ್ಸಿನ ಹೊತ್ತಾಯಿತೆಂದು ಎದ್ದೆ. ಅವನು ತೀರಿಕೊಂಡ ಸುದ್ದಿ ದೇವದುರ್ಗಕ್ಕೆ ಬಂದಾಗ ಮಣ್ಣು ಮಾಡಿ ಆಗಿತ್ತು. ಹಾಸ್ಟೆಲಿನ ಮಕ್ಕಳಿಗೆ ಊಟ ಬಡಿಸುವ ಹೊತ್ತು ಅದು. ನನ್ನ ಕೈಯಲ್ಲಿ ಸೌಟು ಇತ್ತು. ಸಾಲು ಮುಗಿಯುವವರೆಗೆ ಬಡಿಸಿದೆ. ಆಮೇಲೆ ಹಿತ್ತಲಿಗೆ ಹೋಗಿ ಅತ್ತೆ.