ಚರ್ಮಕ್ಕೆ ಹೊತ್ತು ಬೇಕು ಎಂದ ರುದ್ರಪ್ಪನವರು

ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಕೈಯಲ್ಲಿ ಒದ್ದೆ ಮೇಕೆಚರ್ಮದ ಪಟ್ಟಿ. ಭದ್ರಾವತಿಯ ನ್ಯೂ ಟೌನಿಗೆ ಪ್ರೈಮರಿ ಶಾಲೆಯ ಟೀಚರಾಗಿ ಬಂದ ದಿನ ಪಕ್ಕದ ಮನೆಯ ರುದ್ರಪ್ಪನವರನ್ನು ನಾನು ಕಂಡದ್ದು ಹೀಗೆ. ಪಟ್ಟಿಯ ಒಂದು ತುದಿಯನ್ನು ಹಿತ್ತಿಲ ತೊಲೆಗೆ ಕಟ್ಟಿ, ಇನ್ನೊಂದಕ್ಕೆ ತೂಕದ ಬಟ್ಟು ನೇತುಹಾಕಿ, ಒಣಗದಂತೆ ಉಪ್ಪುನೀರು ಚಿಮುಕಿಸುತ್ತ, ಎಷ್ಟು ಹಿಗ್ಗಿತೆಂದು ದಿನಾ ಅಳೆಯುತ್ತಿದ್ದರು.

“ಲಿಂಗ ಕಟ್ಟಿದೋರ ಮನೇಲಿ ಇದೇನ್ರೀ ಅನಾಚಾರ!” ಎಂದು ಬೀದಿಯವರು ಆಡಿಕೊಳ್ಳುತ್ತಿದ್ದರು. ಅವರ ಹೆಂಡತಿ ಗೌರಮ್ಮ ಮಾತ್ರ ಉಪ್ಪುನೀರಿನ ಚೊಂಬು ತುಂಬಿಸಿ ಕೊಡುತ್ತಿದ್ದರು.

ಕಬ್ಬಿಣದ ಕಾರ್ಖಾನೆಯಲ್ಲಿ ರುದ್ರಪ್ಪನವರದು ಸರಳುಗಳನ್ನು ಯಂತ್ರಕ್ಕೆ ಸಿಕ್ಕಿಸಿ, ತುಂಡಾಗುವವರೆಗೂ ಎಳೆದು ಪರೀಕ್ಷಿಸುವ ಕೆಲಸ. ಚರ್ಮದ ಗೊಡವೆ ಅವರಿಗೇಕೆಂದು ನನಗೂ ತಿಳಿದಿರಲಿಲ್ಲ.

ಮರುವರ್ಷ ಸ್ಟೋವ್ ಸಿಡಿದು ನನ್ನ ಬಲಗೈ ಸುಟ್ಟಿತು. ಗಾಯವೇನೋ ಮಾಯಿತು, ಆದರೆ ಚರ್ಮ ಬಿಗಿದು ಬೆರಳುಗಳನ್ನು ಅಂಗೈಯೊಳಕ್ಕೆ ಎಳೆದುಕೊಂಡಿತು. ಸೀಮೆಸುಣ್ಣ ಹಿಡಿಯಲಾಗದೆ ಅತ್ತು, ಒಂದು ಸಂಜೆ ಹಿತ್ತಿಲಲ್ಲಿ ಕೂತು ಎಡಗೈಯಿಂದ ಬೆರಳುಗಳನ್ನು ಬಲವಂತವಾಗಿ ಬಿಡಿಸುತ್ತಿದ್ದೆ. ರುದ್ರಪ್ಪನವರು ಬೇಲಿ ದಾಟಿ ಓಡಿಬಂದರು.

“ಬಿಡು, ಬಿಡು ಮಾರಾಯ್ತಿ! ಗಬಕ್ಕನೆ ಎಳೆದ್ರೆ ಹರಿದೋಗುತ್ತೆ. ಸಣ್ಣ ಭಾರ ಹಾಕಿ ಕಾದ್ರೆ ತಾನೇ ಬಿಟ್ಕೊಡುತ್ತೆ. ಚರ್ಮಕ್ಕೆ ಹೊತ್ತು ಬೇಕು ತಾಯಿ.”

ಡಾಕ್ಟರನ್ನು ಕೇಳಿಕೊಂಡೇ ಅವರು ಒಂದು ಹಲಗೆ ಮಾಡಿದರು. ಕೈಯನ್ನು ಅದರ ಮೇಲೆ ಮಲಗಿಸಿ, ಬೆರಳಿಗೆ ಮೆತ್ತನೆ ಬಟ್ಟೆ ಸುತ್ತಿ, ದಾರದ ತುದಿಗೆ ಪುಟ್ಟ ಭಾರ ಕಟ್ಟುವುದು. ದಿನಾ ಸಂಜೆ ಗಂಟೆಗಟ್ಟಲೆ ಎದುರಿಗೆ ಕೂತಿರುತ್ತಿದ್ದರು. ನನ್ನ ಹುಬ್ಬು ಕೊಂಚ ಗಂಟಿಕ್ಕಿದರೂ ಭಾರ ಇಳಿಸಿಬಿಡುತ್ತಿದ್ದರು.

“ಇದನ್ನೆಲ್ಲ ಎಲ್ಲಿ ಕಲಿತ್ರಿ?” ಎಂದು ಒಮ್ಮೆ ಕೇಳಿದೆ. ದಾರದ ಭಾರ ಇಳಿಸಿಟ್ಟು ಹೇಳಿದರು:

“ನಮ್ಮ ಮಗಳು ನಾಗರತ್ನಂಗೆ ಕತ್ತು ಸುಟ್ಟಿತ್ತು. ಎಂಟು ವರ್ಷದ ಹುಡುಗಿ. ಗದ್ದ ಎದೆಗೆ ಅಂಟ್ಕೊಂಡಂಗಾಗಿತ್ತು. ಸ್ಕೂಲಲ್ಲಿ ನಗ್ತಾರೆ ಅಂತ ಅಳೋಳು. ನಾನು ದಿನಾ ಉಕ್ಕು ಎಳೆಯೋನು ನೋಡು. ಒಂದು ಭಾನುವಾರ ತಲೆ ಹಿಡಿದು ಎತ್ತಿಬಿಟ್ಟೆ. ಹರೀತು. ಕೀವಾಯ್ತು, ಜ್ವರ ಬಂತು. ‘ಎಳೀಬೇಡಿ ಅಪ್ಪಾಜಿ, ಹೀಗೇ ಇರ್ತೀನಿ’ ಅಂತಿದ್ಲು. ಉಳೀಲಿಲ್ಲ. ಎಷ್ಟು ಭಾರಕ್ಕೆ ಎಷ್ಟು ಹೊತ್ತು ಅಂತ ಆಮೇಲೆ ಮೇಕೆಚರ್ಮ ಕಟ್ಟಿ ನೋಡ್ತಾ ಬಂದೆ.”

ಒಳಗೆ ಗೌರಮ್ಮ ಪಾತ್ರೆ ತೊಳೆಯುತ್ತಿದ್ದ ಸದ್ದು ನಿಂತುಹೋಯಿತು.

ವರ್ಷ ತುಂಬುವ ಹೊತ್ತಿಗೆ ಕಿರುಬೆರಳೊಂದನ್ನು ಬಿಟ್ಟು ಉಳಿದವೆಲ್ಲ ಬಿಡಿಸಿಕೊಂಡವು. ಬೋರ್ಡಿನ ಮೇಲೆ ಮತ್ತೆ ಬರೆದೆ. ಆಮೇಲೆ ಶಿವಮೊಗ್ಗಕ್ಕೆ ವರ್ಗವಾಗಿ ಸವಳಂಗ ರಸ್ತೆಯಲ್ಲಿ ಮನೆ ಮಾಡಿದೆ. ಅಲ್ಲಿಗೆ ಬಂದ ಮೂರನೆಯ ವರ್ಷ, ರುದ್ರಪ್ಪನವರು ಬೆಳಗಿನ ಜಾವ ತೀರಿಕೊಂಡರೆಂದು ಸುದ್ದಿ ಬಂತು.

ನಾನು ಭದ್ರಾವತಿ ಮುಟ್ಟಿದಾಗ ಮಧ್ಯಾಹ್ನವಾಗಿತ್ತು. ಅವರಲ್ಲಿ ಶವವನ್ನು ಕೂರಿಸಿ ಮಣ್ಣು ಮಾಡುವ ಪದ್ಧತಿ. ಮೈ ಆಗಲೇ ಸೆಟೆದುಹೋಗಿತ್ತು. ನೆಂಟರಿಬ್ಬರು ಮಂಡಿ ಮಡಚಲು ಕಾಲನ್ನು ಬಲವಾಗಿ ಎಳೆದು ಒತ್ತುತ್ತಿದ್ದರು.

“ಹಾಗೆ ಎಳೀಬೇಡ್ರೋ!” ಎಂದು ಗೌರಮ್ಮ ಕಿರುಚಿದರು.

ಎಲ್ಲರೂ ಕೈ ತೆಗೆದರು. ನಾನು ಹೋಗಿ ಒಂದು ಮಂಡಿಯ ಕೆಳಗೆ ಬಲಗೈ ಕೊಟ್ಟು ಕೂತೆ. ಇನ್ನೊಂದರ ಹತ್ತಿರ ಗೌರಮ್ಮ ಕೂತರು. ಹೊರಗೆ ಹೊತ್ತಾಯಿತೆಂದು ಯಾರೋ ಗೊಣಗಿದರು. ನಾವು ಒತ್ತಲಿಲ್ಲ, ಬಿಡಲೂ ಇಲ್ಲ. ಎಷ್ಟೋ ಹೊತ್ತಿನ ಮೇಲೆ ಮಂಡಿಗಳು ಮಡಚಿಕೊಂಡವು.

ಗೌರಮ್ಮ ಗಂಡನ ಪಾದಗಳನ್ನು ಪದ್ಮಾಸನದಂತೆ ಅವರ ತೊಡೆಯ ಮೇಲೆ ಎತ್ತಿಟ್ಟು, ಪಂಚೆ ಸರಿಮಾಡಿ, ಮುಖದ ಹತ್ತಿರ ಬಾಗಿ ಕೇಳಿದರು: “ನೋವಾಯ್ತೇನ್ರೀ?”